ಡಿಶ್‌ವಾಷರ್ ಪದೇ ಪದೇ ಕೈಕೊಟ್ಟರೆ

ರಿಪೇರಿಯಾದ ಡಿಶ್‌ವಾಷರ್ ಸ್ವಲ್ಪ ದಿನಕ್ಕೇ ಮತ್ತೆ ಮನೆಯ ಕರೆಂಟ್ ಟ್ರಿಪ್ ಮಾಡಿಸಿದರೆ ಏನು ಮಾಡಬೇಕು? ಇವತ್ತು ಅದನ್ನು ನೋಡೋಣ. ಒಂದೇ ತೊಂದರೆ ಮರುಕಳಿಸುತ್ತಿದೆ ಎಂದರೆ, ನಾವು ಬದಲಾಯಿಸಿದ ಭಾಗ ಪೆಟ್ಟು ತಿಂದದ್ದು ಮಾತ್ರ. ಪೆಟ್ಟು ಕೊಟ್ಟದ್ದು ಇನ್ನೂ ಹಾಗೇ ಇದೆ.

ಮೊದಲು ಗಮನಿಸಬೇಕಾದದ್ದು ಬಿದ್ದ ಸ್ವಿಚ್ ಯಾವುದು ಎಂಬುದನ್ನು. ಎಂ.ಸಿ.ಬಿ. ಬಿದ್ದರೆ ಲೋಡ್ ಹೆಚ್ಚಾಗಿದೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ. ಪುಟ್ಟ ಟೆಸ್ಟ್ ಗುಂಡಿ ಇರುವ ಆರ್.ಸಿ.ಸಿ.ಬಿ. ಬಿದ್ದರೆ ಕರೆಂಟ್ ಸೋರುತ್ತಿದೆ. ಒಳಗೆ ಹೋದ ಕರೆಂಟಿಗೂ ಮರಳಿ ಬಂದದ್ದಕ್ಕೂ ತಾಳೆಯಾಗದಿದ್ದರೆ ಅದು ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರ್‌ನದು.

ಎರಡನೆಯದು, ಎಷ್ಟು ಹೊತ್ತಿಗೆ ಬಿತ್ತು? ಪ್ಲಗ್ ಹಾಕಿದ ತಕ್ಷಣವಾದರೆ ವೈರನ್ನೋ ಕರೆಂಟ್ ಒಳಬರುವ ಜಾಗದ ಫಿಲ್ಟರನ್ನೋ ನೋಡಬೇಕು. ನೀರು ತುಂಬುವಾಗ ಬಿದ್ದರೆ ವಾಲ್ವ್, ನೀರು ಹೊರಹಾಕುವಾಗ ಬಿದ್ದರೆ ಡ್ರೈನ್ ಪಂಪ್. ಶುರುವಾಗಿ ಒಂದಷ್ಟು ನಿಮಿಷ ಕಳೆದು, ನೀರು ಬಿಸಿಯಾಗುವ ಹೊತ್ತಿಗೆ ಬಿದ್ದರೆ ಮೊದಲ ಅನುಮಾನ ಹೀಟರ್ ಮೇಲೆ. ತಣ್ಣೀರಲ್ಲಿ ಜಾಲಿಸುವ ಪ್ರೋಗ್ರಾಂ ಮುಗಿಯುವವರೆಗೂ ಸರಿಯಾಗಿ ಓಡಿ, ಬಿಸಿನೀರಿನದು ಮಾತ್ರ ಅರ್ಧಕ್ಕೆ ನಿಂತರೆ ಆ ಅನುಮಾನ ಗಟ್ಟಿಯಾಗುತ್ತದೆ.

ಹೀಟರಿನ ಲೋಹದ ಕೊಳವೆಯೊಳಗೆ ಕಾಯಿಲ್ ಇರುತ್ತದೆ. ಕಾಯಿಲ್ ಕೊಳವೆಗೆ ತಾಗದಂತೆ ಸುತ್ತಲೂ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಕೊಳವೆ ಸೀಳಿದರೆ, ಸೀಲ್ ಸಡಿಲವಾದರೆ ಪುಡಿ ತೇವ ಹೀರುತ್ತದೆ, ಕರೆಂಟ್ ಸೋರತೊಡಗುತ್ತದೆ. ಇಲ್ಲೇ ಬಹಳ ಮಂದಿ ಎಡವುವುದು. 230 ವೋಲ್ಟಿನಲ್ಲಿ 2000 ವಾಟ್‌ನ ಹೀಟರಿಗೆ ಮೀಟರ್ ಇಟ್ಟರೆ ಸುಮಾರು 26 ಓಮ್ ತೋರಿಸುತ್ತದೆ; ಹೀಟರ್ ಚೆನ್ನಾಗಿದೆ ಎಂದು ಮೆಕ್ಯಾನಿಕ್ ಹೇಳಿಬಿಡುತ್ತಾರೆ. ಆ 26 ಓಮ್ ಹೇಳುವುದು ಕಾಯಿಲ್ ತುಂಡಾಗಿಲ್ಲ ಎಂದಷ್ಟೇ. ಸೋರಿಕೆ ತಿಳಿಯಬೇಕಾದರೆ ಹೀಟರಿನ ವೈರ್‌ಗಳನ್ನು ಬಿಡಿಸಿ, ಟರ್ಮಿನಲ್ಲಿಗೂ ಲೋಹದ ಕೊಳವೆಗೂ ನಡುವೆ 500 ವೋಲ್ಟಿನ ಮೆಗ್ಗರ್, ಅಂದರೆ ಸೋರಿಕೆ ಪರೀಕ್ಷಿಸುವ ಮೀಟರ್, ಹಿಡಿಯಬೇಕು. ಆಗ ಬರುವ ಲೆಕ್ಕ ಮೆಗಾ ಓಮ್‌ನಲ್ಲಿರಬೇಕು. ಈ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ.

ಹೊಸ ಹೀಟರ್ ಹಾಕಿದ ಮೇಲೂ ಟ್ರಿಪ್ ಆಗುತ್ತಿದ್ದರೆ ಯಂತ್ರದ ಬುಡದ ತಟ್ಟೆ ನೋಡಿಸಿ. ಪಂಪಿನ ಸೀಲಿನಿಂದ ತೊಟ್ಟಿಕ್ಕುವ ನೀರು ಒಣಗಿದ ಕಡೆ ಬಿಳಿ ಗೆರೆ ಉಳಿದಿರುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋದರೆ ಸೋರುವ ಜಾಗ ಸಿಗುತ್ತದೆ.

ಇನ್ನು ಕಂಟ್ರೋಲ್ ಬೋರ್ಡ್. ಇದು ಎರಡನೇ ಸಲ ಸುಟ್ಟಿತೆಂದರೆ ಯಂತ್ರದಾಚೆಗೂ ಕಣ್ಣು ಹಾಯಿಸಬೇಕು. ಹೀಟರ್ ಓಡುವಾಗ ಒಂಬತ್ತು ಆಂಪಿಯರಿನಷ್ಟು ಕರೆಂಟ್ ಬಿಡುವಿಲ್ಲದೆ ಹರಿಯುತ್ತದೆ. ಅದಕ್ಕೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಸಲ್ಲದು. ಸಾಕೆಟ್ಟಿನ ಸ್ಕ್ರೂ ಸಡಿಲವಿದ್ದರೆ ಅಲ್ಲಿ ಬಿಸಿಯೇರಿ ಪ್ಲಗ್ಗಿನ ಪಿನ್ ಕಂದುಗಟ್ಟುತ್ತದೆ. ಯಂತ್ರ ಓಡುವಾಗ ಮನೆಯ ದೀಪಗಳು ಇದ್ದಕ್ಕಿದ್ದಂತೆ ಹೆಚ್ಚು ಪ್ರಕಾಶಿಸಿದರೆ ನ್ಯೂಟ್ರಲ್ ಸಡಿಲವಾಗಿರಬಹುದು. ತ್ರೀ ಫೇಸ್ ಲೈನಿನಲ್ಲಿ ಹಾಗಾದರೆ 230 ಇರಬೇಕಾದ ವೋಲ್ಟೇಜ್ 400ರ ಕಡೆಗೆ ಏರಬಹುದು. ಅಂಥ ಮನೆಯಲ್ಲಿ ಎಷ್ಟು ಹೊಸ ಬೋರ್ಡ್ ಹಾಕಿದರೂ ಉಳಿಯದು. ಕೂಡಲೇ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಒಂದು ಮಾತು ಮಾತ್ರ ಮರೆಯಬೇಡಿ. ಟ್ರಿಪ್ ಆಗುವ ಕಿರಿಕಿರಿಗೆ ಆರ್.ಸಿ.ಸಿ.ಬಿ. ತಪ್ಪಿಸಿ ನೇರ ಲೈನ್ ಕೊಡಿಸಬೇಡಿ, ಪ್ಲಗ್ಗಿನ ಮೂರನೇ ಪಿನ್ ತೆಗೆಸಬೇಡಿ. ಒದ್ದೆ ಕೈಯಲ್ಲಿ ಯಂತ್ರ ಮುಟ್ಟುವವರ ಜೀವ ಕಾಯುವುದು ಅವೇ. ಯಂತ್ರ ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ.

ನಿಮ್ಮ ಕೆಲಸ ಬರೆದಿಡುವುದು: ಯಾವ ಪ್ರೋಗ್ರಾಂ, ಎಷ್ಟನೇ ನಿಮಿಷ, ಯಾವ ಸ್ವಿಚ್. ಆ ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಡಿ. ಅವರು ಭಾಗ ಬದಲಾಯಿಸಿದ ಮೇಲೆ, ಇದು ಕೆಟ್ಟದ್ದು ಯಾಕೆ ಎಂದು ಕೇಳಿ. ಅದಕ್ಕೆ ಉತ್ತರ ಸಿಗುವವರೆಗೆ ರಿಪೇರಿ ಮುಗಿದಿಲ್ಲ ಎಂದೇ ತಿಳಿಯಿರಿ.