ವಿಡಿಯೋ ಸಂಕಲನಕ್ಕೊಂದು ಕಂಪ್ಯೂಟರು



ಕನ್ನಡ ಪಂಡಿತನಾದವನು ಕಂಪ್ಯೂಟರಿನ ವಿಷಯವಾಗಿ ಮಾತನಾಡಲು ಹೊರಟರೆ ತಮ್ಮಲ್ಲಿ ಕೆಲವರಿಗೆ ನಗು ಬಂದೀತು. ಬರಲಿ. ಶಬ್ದಮಣಿದರ್ಪಣ ಪಾಠ ಹೇಳುವವನಿಗೆ ಗ್ರಾಫಿಕ್ಸ್ ಕಾರ್ಡಿನ ಗೊಡವೆ ಏಕೆಂದು ನನ್ನ ಮನೆಯಲ್ಲೇ ಕೇಳಿದ್ದುಂಟು. ನಾನು ಈ ಗೊಡವೆಗೆ ಬಿದ್ದದ್ದು ಒಂದು ನಷ್ಟದ ದೆಸೆಯಿಂದ. ಅದನ್ನು ಆಮೇಲೆ ಹೇಳುತ್ತೇನೆ.

2024ರ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸತ್ತೇಗಾಲದ ನಮ್ಮ ಮನೆಗೆ ಬಂದ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆಯುವುದು ಅವನ ಕಸುಬು. ಬಿಡುವಿದ್ದಾಗ ನಮ್ಮ ಸೀಮೆಯ ಕಂಸಾಳೆಯವರ ಹಾಡುಗಾರಿಕೆಯನ್ನೂ ತೆಗೆಯುತ್ತಾನೆ. ತೆಗೆದದ್ದನ್ನು ಕತ್ತರಿಸಿ ಜೋಡಿಸಲು ಮಾತ್ರ ಕೊಳ್ಳೇಗಾಲದಲ್ಲಿ ಬೇರೆಯವರ ಸ್ಟುಡಿಯೋಕ್ಕೆ ಹೋಗಿ, ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಕೂರಬೇಕಾಗಿತ್ತು. ದುಡಿದದ್ದರಲ್ಲಿ ಅರ್ಧ ಅಲ್ಲಿಯೇ ಸೋರಿಹೋಗುತ್ತಿತ್ತು. ತಾಯಿ ರೇಷ್ಮೆಗೂಡು ಮಾರಿ ಕೂಡಿಸಿದ್ದ 45,000 ರೂಪಾಯಿ ಅವನ ಕೈಯಲ್ಲಿತ್ತು. ಅಂಗಡಿಯವರು ಬರೆದುಕೊಟ್ಟಿದ್ದ ಚೀಟಿಯನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ಇದು ಸಾಕಾಯ್ತದಾ ನೋಡಿ” ಎಂದ.

ಚೀಟಿಯನ್ನು ನೋಡಿದೆ. ಗಾಜಿನ ಮಗ್ಗುಲಿನ ಪೆಟ್ಟಿಗೆ, ಅದರೊಳಗೆ ಬಣ್ಣಬಣ್ಣದ ದೀಪ. ಆಟವಾಡುವವರಿಗೆಂದು ಮಾಡಿದ ಗ್ರಾಫಿಕ್ಸ್ ಕಾರ್ಡು. ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಅದಕ್ಕೇ. ಮೆಮೊರಿ 8 ಜಿಬಿ, ಎಸ್‌ಎಸ್‌ಡಿ 256 ಜಿಬಿ. ಪವರ್ ಸಪ್ಲೈಗೆ ಹೆಸರೇ ಇಲ್ಲ. ತೇರಿಗೆ ಬಾವುಟ ಕಟ್ಟುವುದರಲ್ಲೇ ಹಣ ಮುಗಿದು, ಗಾಲಿಗೆ ಕಾಸಿಲ್ಲದಂತಾಗಿತ್ತು.

“ಸ್ವಲ್ಪ ತಾಳಪ್ಪ. ನಿನ್ನ ಕೆಲಸವೇನು, ಅದನ್ನು ಮೊದಲು ಹೇಳು” ಎಂದೆ. ಯಾವ ಸಲಕರಣೆ ಕೊಳ್ಳುವವರಿಗೂ ಇದೇ ಮೊದಲ ಪ್ರಶ್ನೆಯಾಗಬೇಕಷ್ಟೆ. ಆದರೆ ಕಂಪ್ಯೂಟರಿನ ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನಿಮ್ಮ ಬಜೆಟ್ ಎಷ್ಟು ಎಂದಷ್ಟೇ ಕೇಳುತ್ತಾರೆ.

ಅವನ ಕೆಲಸವೆಂದರೆ ಇಷ್ಟು. ಕ್ಯಾಮರಾದಿಂದಲೂ ಫೋನಿನಿಂದಲೂ ತೆಗೆದ ತುಣುಕುಗಳನ್ನು ಸಾಲಾಗಿ ಇರಿಸಬೇಕು, ಬೇಡದ್ದನ್ನು ಕತ್ತರಿಸಬೇಕು, ಧ್ವನಿ ಕೂಡಿಸಬೇಕು, ಬಣ್ಣ ತಿದ್ದಬೇಕು, ಕನ್ನಡದಲ್ಲಿ ಹೆಸರು ಬರೆಯಬೇಕು. ಸಿನಿಮಾದವರ ಇಂದ್ರಜಾಲ ಅವನಿಗೆ ಬೇಕಿಲ್ಲ. ಈ ಕೆಲಸಕ್ಕೆ ನಮ್ಮಲ್ಲಿ ಸಂಕಲನವೆಂದೂ ಸಂಪಾದನೆಯೆಂದೂ ಎರಡು ಮಾತುಗಳಿವೆ. ಸಂಪಾದನೆಗೆ ಗಳಿಕೆ ಎಂಬ ಅರ್ಥವೂ ಉಂಟಲ್ಲವೆ! ಅವನಿಗೆ ಎರಡು ಅರ್ಥಗಳೂ ಬೇಕಾಗಿದ್ದವು.

ಇನ್ನು ವಿಡಿಯೋ ಎಂಬುದು ಯಂತ್ರದೊಳಗೆ ಹೇಗಿರುತ್ತದೆಂದು ತಿಳಿಯದೆ ಯಂತ್ರ ಕೊಳ್ಳುವುದು ಕಷ್ಟ. ಸೆಕೆಂಡಿಗೆ ಇಪ್ಪತ್ತೈದೋ ಮೂವತ್ತೋ ಚಿತ್ರಗಳು ಒಂದರ ಹಿಂದೊಂದು ಓಡುತ್ತವೆಂಬುದು ತಮಗೆ ಗೊತ್ತೇ ಇದೆ. ಆದರೆ ಫೋನು ಅಷ್ಟೂ ಚಿತ್ರಗಳನ್ನು ಪೂರ್ತಿಯಾಗಿ ಬರೆದಿಡುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಿಗೆ ‘ಹಿಂದಿನಂತೆಯೇ, ಬಲಗೈ ಮಾತ್ರ ಮೇಲೆದ್ದಿದೆ’ ಎಂಬಂತೆ ವ್ಯತ್ಯಾಸವನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಎಚ್.264, ಎಚ್.265 ಎನ್ನುವುದು ಇಂಥ ಸಂಕ್ಷೇಪ ಲಿಪಿಗಳ ಹೆಸರು. ಜಾಗ ಉಳಿಯುತ್ತದೆ, ನಿಜ. ಆದರೆ ಸಂಕಲನಕಾರ ನಡುವಿನ ಒಂದು ಚಿತ್ರದ ಮೇಲೆ ಬೆರಳಿಟ್ಟರೆ, ಯಂತ್ರವು ಹಿಂದಿನ ಪೂರ್ಣ ಚಿತ್ರಕ್ಕೆ ಓಡಿಹೋಗಿ ಅಲ್ಲಿಂದ ಎಲ್ಲವನ್ನೂ ಬಿಡಿಸುತ್ತ ಬರಬೇಕು. ಚಿತ್ರ ತಡವರಿಸುವುದು ಇಲ್ಲಿಯೇ.

ಈ ಬಿಡಿಸುವ ಕೆಲಸಕ್ಕೆಂದೇ ಇಂಟೆಲ್ ಕಂಪನಿಯವರು 2011ರಿಂದ ತಮ್ಮ ಪ್ರೊಸೆಸರುಗಳ ಒಳಗೆ ಒಂದು ಪ್ರತ್ಯೇಕ ಭಾಗವನ್ನು ಇಟ್ಟಿದ್ದಾರೆ. ಕ್ವಿಕ್ ಸಿಂಕ್ ಎಂದು ಅದರ ಹೆಸರು. ಅದು ಪ್ರೊಸೆಸರಿನಲ್ಲಿಯೇ ಅಡಕವಾದ ಗ್ರಾಫಿಕ್ಸಿನ ಜೊತೆಗೆ ಬರುತ್ತದೆ. ಹೆಸರಿನ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿದ್ದರೆ ಆ ಅಡಕವಾದ ಗ್ರಾಫಿಕ್ಸು ಇಲ್ಲವೆಂದು ತಿಳಿಯಬೇಕು. ನಮ್ಮ ಹುಡುಗನ ಚೀಟಿಯಲ್ಲಿದ್ದದ್ದು ಎಫ್ ಪ್ರೊಸೆಸರೇ! ಒಂದು ಅಕ್ಷರದಿಂದ ಅರ್ಥ ಕೆಡುವುದು ವ್ಯಾಕರಣದಲ್ಲಿ ಮಾತ್ರವೆಂದು ಇದುವರೆಗೆ ತಿಳಿದಿದ್ದೆ.

ಮುಂದೆ ಮೆಮೊರಿ. ಸಂಕಲನದ ತಂತ್ರಾಂಶಕ್ಕೆ 8 ಜಿಬಿ ಎಂಬುದು ಒಂದೇ ಕೋಣೆಯಲ್ಲಿ ಮದುವೆ ಮಾಡಿದಂತೆ. 16 ಜಿಬಿ ಇರಲಿ. ಮುಂದೆ 32ಕ್ಕೆ ಏರಿಸಲು ಖಾಲಿ ಸ್ಥಾನವಿರಲಿ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಲೋಕದಲ್ಲೆಲ್ಲ ಏರಿತು. ಹೀಗಾಗಿ ಮೆಮೊರಿ ಸಮೇತವಾಗಿಯೇ ಯಂತ್ರ ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ತಟ್ಟೆಗಳ ಲೆಕ್ಕ ಬೇರೆ. ಕ್ಯಾಮರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ 45 ಜಿಬಿ ಆಗುತ್ತದೆ. ಮಾದಪ್ಪನ ಕಥೆಯನ್ನು ಹಾಡುವ ದೇವರಗುಡ್ಡರು ರಾತ್ರಿಯಿಡೀ ಹಾಡಿದರೆ, ಎಂಟು ಗಂಟೆಗೆ 360 ಜಿಬಿ. ಚೀಟಿಯಲ್ಲಿದ್ದ 256ರಲ್ಲಿ ಸಂಕಮ್ಮನ ಸಾಲು ಅರ್ಧಕ್ಕೇ ನಿಂತುಹೋಗುತ್ತದೆ! ಅದನ್ನೇ ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 20 ಮೆಗಾಬಿಟ್‌ನಂತೆ ತೆಗೆದರೆ ಗಂಟೆಗೆ 9 ಜಿಬಿ ಸಾಕು. ಊರ ಮದುವೆಯನ್ನು ಜನ ನೋಡುವುದು ಬಹುಮಟ್ಟಿಗೆ ಅಂಗೈಯ ಫೋನಿನಲ್ಲಿ. ಎಲ್ಲಕ್ಕೂ 4ಕೆ ಬೇಕೆ ಎಂದು ಕೇಳಿದರೆ ಹುಡುಗನಿಗೆ ಅಷ್ಟು ರುಚಿಸಲಿಲ್ಲ. ಆದರೂ 4ಕೆ ಎಂದರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕಿಗಳು. ಹೊರುವ ಎತ್ತಿಗೆ ತಾನೇ ಅದರ ಭಾರ.

ಇರಲಿ, 4ಕೆಯೇ ಬೇಕೆನ್ನುವವರಿಗೂ ಒಂದು ಉಪಾಯವಿದೆ. ನಮ್ಮ ಗ್ರಂಥಸಂಪಾದಕರು ಓಲೆಗರಿಯ ಮೇಲೆ ತಿದ್ದುಪಡಿ ಮಾಡುವುದಿಲ್ಲ. ಮೊದಲು ಕಾಗದದ ಮೇಲೆ ಪ್ರತಿ ಮಾಡಿಕೊಂಡು, ಹೊಡೆಯುವುದು, ಸೇರಿಸುವುದು, ಗುರುತು ಹಾಕುವುದು ಎಲ್ಲವನ್ನೂ ಅದರ ಮೇಲೆ ಮಾಡುತ್ತಾರೆ. ವಿಡಿಯೋದಲ್ಲಿಯೂ ಹಾಗೆಯೇ ಒಂದು ಹಗುರವಾದ ಪ್ರತಿಯನ್ನು ಯಂತ್ರ ತಾನೇ ಮಾಡಿಕೊಡುತ್ತದೆ. ಪ್ರಾಕ್ಸಿ ಎನ್ನುತ್ತಾರೆ. 4ಕೆ ಚಿತ್ರವನ್ನು 540 ಗೆರೆಗಳಿಗೆ ಇಳಿಸಿದರೆ ಚುಕ್ಕಿಗಳು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತವೆ. ಸಂಕಲನವೆಲ್ಲ ಆ ಪ್ರತಿಯ ಮೇಲೆ ನಡೆದು, ಕಟ್ಟಕಡೆಗೆ ಹೊರತೆಗೆಯುವಾಗ ಮಾತ್ರ ಯಂತ್ರ ಮೂಲವನ್ನು ಮುಟ್ಟುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್ ಎಂಬ ತಂತ್ರಾಂಶಗಳಲ್ಲಿ ಈ ಸೌಕರ್ಯವಿದೆ; ಎರಡಕ್ಕೂ ಕಾಸು ಕೊಡಬೇಕಿಲ್ಲ. ಡಾವಿಂಚಿ ರಿಸಾಲ್ವ್ ಎಂಬುದರ ಒಂದು ಆವೃತ್ತಿಯೂ ಉಚಿತವೇ. ಆದರೆ ಅದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಹಳ ಭಾರ ಹಾಕುತ್ತದೆ. ಅದನ್ನೇ ನೆಚ್ಚಿಕೊಂಡವರು, ಬಣ್ಣ ತಿದ್ದುವುದನ್ನೇ ಕಸುಬಾಗಿಸಿಕೊಂಡವರು ಕಾರ್ಡಿಗೆ ಹಣ ಹಾಕಲಿ, ತಪ್ಪಿಲ್ಲ. ಉಳಿದವರು ಒಂದೆರಡು ವರ್ಷ ದುಡಿದ ಮೇಲೆ ಕೊಂಡರೆ ಆದೀತು.

ಹೀಗೆಲ್ಲ ಲೆಕ್ಕ ಹಾಕಿ, ಇಬ್ಬರೂ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋದೆವು. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಹೊರಗೆ ಹಾಕಿದ ಯಂತ್ರಗಳು ಅಲ್ಲಿ ಬೇಕಾದಷ್ಟು. ಡೆಲ್‌ನ ಆಪ್ಟಿಪ್ಲೆಕ್ಸ್, ಎಚ್‌ಪಿಯ ಎಲೈಟ್‌ಡೆಸ್ಕ್, ಲೆನೊವೊದ ಥಿಂಕ್‌ಸೆಂಟರ್ ಇವೆಲ್ಲ ಈ ಜಾತಿಯವು. ನೋಡಲು ಕಪ್ಪು ಟ್ರಂಕಿನಂತಿರುತ್ತವೆ; ಕಟ್ಟುಮಸ್ತು ಮೈ. ಕೊಳ್ಳುವವರು ಎರಡು ಸಂಗತಿ ನೋಡಬೇಕು. ಪ್ರೊಸೆಸರು ಇಂಟೆಲ್‌ನದಾದರೆ ಎಂಟನೆಯ ತಲೆಮಾರಿನದೋ ಅದರಿಂದೀಚಿನದೋ ಆಗಿರಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅದಕ್ಕೂ ಹಿಂದಿನ ಪ್ರೊಸೆಸರುಗಳನ್ನು ಬಹುತೇಕ ಒಪ್ಪುವುದಿಲ್ಲ. ಎರಡನೆಯದು, ಪೆಟ್ಟಿಗೆ ತೆಳ್ಳನೆಯದಾಗಿರದೆ ಪೂರ್ಣ ಗಾತ್ರದ್ದಾಗಿರಬೇಕು. ತೆಳ್ಳನೆಯದಕ್ಕೆ ಮುಂದೆ ದೊಡ್ಡ ಕಾರ್ಡು ಹಿಡಿಸುವುದಿಲ್ಲ. ನಮಗೆ ಸಿಕ್ಕದ್ದು ಐ5-8500, ಆರು ಕೋರುಗಳದು. ಎಫ್ ಇಲ್ಲ! 16 ಜಿಬಿ ಮೆಮೊರಿಯೂ 512 ಜಿಬಿ ಎಸ್‌ಎಸ್‌ಡಿಯೂ ಸೇರಿ ಕೈಯಲ್ಲಿದ್ದ ಹಣದ ಅರ್ಧಕ್ಕೂ ಕಡಿಮೆಯಾಯಿತು. ದುಡ್ಡು ಎಣಿಸುವ ಮೊದಲು, ಹುಡುಗ ಪೆನ್‌ಡ್ರೈವಿನಲ್ಲಿ ತಂದಿದ್ದ ತನ್ನದೇ ವಿಡಿಯೋವನ್ನು ಅಲ್ಲಿಯೇ ಓಡಿಸಿ ನೋಡಿದ. ನಾನು ‘ಸತ್ತೇಗಾಲ’ ಎಂದು ಬೆರಳಚ್ಚು ಮಾಡಿಸಿ, ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ಎಂದು ನೋಡಿದೆ. ಕೆಲವು ತಂತ್ರಾಂಶಗಳು ನಮ್ಮ ಒತ್ತುಗಳನ್ನು ಬಿಡಿಬಿಡಿಯಾಗಿ ಚೆಲ್ಲುತ್ತವೆ. ಅಂಗಡಿಯವರು ನಕ್ಕರು, ನಗಲಿ.

ಮಾನಿಟರನ್ನು ಮಾತ್ರ ಹೊಸದು ತೆಗೆಸಿದೆ. ಐಪಿಎಸ್ ತೆರೆ, 24 ಇಂಚು, ಫುಲ್ ಎಚ್‌ಡಿ. ಅಗ್ಗದ ಟಿಎನ್ ತೆರೆಗಳಲ್ಲಿ ತಲೆ ಸ್ವಲ್ಪ ಆಚೀಚೆ ಆದರೂ ಬಣ್ಣ ಬದಲಾಗುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆಯುಟ್ಟ ಮದುವಣಗಿತ್ತಿಯ ಅರಿಶಿನ ಬಣ್ಣವನ್ನು ಕಿತ್ತಳೆ ಮಾಡಿ ಕೊಟ್ಟರೆ, ಆ ಮನೆಯವರು ಇನ್ನೊಂದು ಮದುವೆಗೆ ಇವನನ್ನು ಕರೆಯುತ್ತಾರೆಯೆ?

ವಿದ್ಯುತ್ತಿನ ಮಾತು. ನಮ್ಮೂರ ಮಗ್ಗುಲಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಜಲಪಾತದ ಪಕ್ಕದಲ್ಲೇ ಇರುವ ನಮ್ಮ ಮನೆಯ ದೀಪ ಇಂದಿಗೂ ಮಳೆಗಾಲದಲ್ಲಿ ಕಣ್ಣುಮುಚ್ಚಾಲೆ ಆಡುತ್ತದೆ. ಆದ್ದರಿಂದ 600 ವಿಎ ಯುಪಿಎಸ್ ಒಂದನ್ನು ಕೊಂಡೆವು. ಕರೆಂಟು ಹೋದಾಗ ಕೆಲಸವನ್ನು ಉಳಿಸಿ ಯಂತ್ರವನ್ನು ಮುಚ್ಚಲು ಬೇಕಾದ ಕೆಲವು ನಿಮಿಷಗಳನ್ನು ಅದು ಕೊಡುತ್ತದೆ.

ಉಳಿದ ಹಣಕ್ಕೆ ಹುಡುಗ ಮತ್ತೆ ಗ್ರಾಫಿಕ್ಸ್ ಕಾರ್ಡಿನ ಕಡೆಗೇ ನೋಡಿದ. ಆಗ ನನ್ನ ನಷ್ಟದ ಕಥೆ ಹೇಳಬೇಕಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಬ್ಬ ಹಿರಿಯ ದೇವರಗುಡ್ಡರಿಂದ ಸಂಕಮ್ಮನ ಸಾಲನ್ನು ಒಂದು ರಾತ್ರಿ ಪೂರ್ತಿಯಾಗಿ ಹಾಡಿಸಿ, ಎರವಲು ತಂದ ಕ್ಯಾಮರಾದಲ್ಲಿ ತೆಗೆದಿದ್ದೆ. ಅದನ್ನು ಹೊರಗಿನ ಹಾರ್ಡ್‌ಡಿಸ್ಕ್ ಒಂದಕ್ಕೆ ತುಂಬಿ, ಕ್ಯಾಮರಾದ ಕಾರ್ಡನ್ನು ಅಳಿಸಿ ಹಿಂದಿರುಗಿಸಿದೆ. ಶ್ರದ್ಧೆಯಿಂದ ಮಾಡಿದ ಕೆಲಸವೆಂದೇ ಭಾವಿಸಿದ್ದೆ. ಒಂದು ದಿನ ಆ ಡಿಸ್ಕು ಮೇಜಿನಿಂದ ನೆಲಕ್ಕೆ ಬಿತ್ತು. ಎತ್ತಿ ಜೋಡಿಸಿದರೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟು ಮತ್ತೇನಿಲ್ಲ. ರಿಪೇರಿಯವರು ನನ್ನ ಒಂದು ತಿಂಗಳ ಸಂಬಳವನ್ನೂ ಮೀರಿದ ಮೊತ್ತ ಹೇಳಿದರು. ಬಂದೇ ಬರುತ್ತದೆಂಬ ಭರವಸೆ ಕೊಡಲಿಲ್ಲ. ಮತ್ತೊಮ್ಮೆ ಹಾಡಿಸಿದರಾಯಿತೆಂದು ಸುಮ್ಮನಾದೆ. ಮುಂದಿನ ಶಿವರಾತ್ರಿಗೆ ಮೊದಲೇ ಆ ಹಿರಿಯರು ತೀರಿಕೊಂಡರು. ಈಗ ನನ್ನ ಬಳಿ ಇರುವುದು ಅಂದು ಫೋನಿನಲ್ಲಿ ಸುಮ್ಮನೆ ತೆಗೆದಿದ್ದ ಹನ್ನೊಂದು ನಿಮಿಷ ಮಾತ್ರ. ಹಾಡು ಸಂಕಮ್ಮನ ಮಾತು ಎತ್ತುವಷ್ಟರಲ್ಲಿ ಅದು ನಿಂತುಹೋಗುತ್ತದೆ.

ಹುಡುಗ ಏನೂ ಹೇಳಲಿಲ್ಲ. ಉಳಿದ ಹಣದಲ್ಲಿ ಎರಡು ಹಾರ್ಡ್‌ಡಿಸ್ಕು ಕೊಂಡ, ಒಂದೊಂದೂ 2 ಟಿಬಿ.

ಈಗ ಯಂತ್ರ ನಡೆಯುತ್ತಿದೆ. ಎರಡು ಗಂಟೆಯ ಮದುವೆಯನ್ನು ಹೊರತೆಗೆಯಲು ರಾತ್ರಿ ಹಚ್ಚಿಟ್ಟು ಮಲಗುತ್ತಾನೆ, ಬೆಳಗ್ಗೆ ಸಿದ್ಧವಾಗಿರುತ್ತದೆ. ದೊಡ್ಡ ಕಾರ್ಡಿದ್ದರೆ ಬೇಗ ಆಗುತ್ತಿತ್ತು, ನಿಜವೇ. ಮೂರು ನಾಲ್ಕು ಪದರ 4ಕೆ ಹಾಕಿದರೆ ಪ್ರಾಕ್ಸಿ ಇಲ್ಲದೆ ಅದು ಏಳುವುದೇ ಇಲ್ಲ, ಅದೂ ನಿಜ. ಆದರೆ ಸ್ಟುಡಿಯೋದ ಬಾಡಿಗೆ ನಿಂತಿದೆ.

2025ರ ಜನವರಿಯಲ್ಲಿ ಅವನು ಚಿಕ್ಕಲ್ಲೂರು ಜಾತ್ರೆಗೆ ಹೋಗಿ, ಸಿದ್ಧಪ್ಪಾಜಿಯ ಕಥೆ ಹಾಡುವ ನೀಲಗಾರರನ್ನು ತೆಗೆದು ತಂದ. ಬಂದ ದಿನವೇ ಎರಡು ಡಿಸ್ಕುಗಳಿಗೂ ತುಂಬಿ, ಎರಡನ್ನೂ ತೆರೆದು ನೋಡಿ, ಆಮೇಲೆ ಕಾರ್ಡನ್ನು ಅಳಿಸಿದ. ಒಂದು ಡಿಸ್ಕು ಅವನ ಮನೆಯಲ್ಲಿದೆ. ಇನ್ನೊಂದು ನಮ್ಮ ಮನೆಯ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ಬೀಳದ ಹಾಗೆ ನಿಘಂಟುಗಳ ನಡುವೆ ಇದೆ. ಮೇಲೆ ಊರು, ದಿನ, ಹಾಡಿದವರ ಹೆಸರು ಬರೆದ ಚೀಟಿ ಅಂಟಿಸಿದ್ದಾನೆ; ಅಕ್ಷರ ದುಂಡಗಿರಬೇಕೆಂದು ಅದನ್ನು ನನ್ನಿಂದಲೇ ಬರೆಸಿದ.