ಗಾಡಿಯ ನೋವು ನಾವೇ ಹೇಳಬೇಕು

(ಸರಸ್ವತಿ ನಗರದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಪುಸ್ತಕ ಮುಚ್ಚಿಡಿ. ಒಂದು ಗಾಡಿಯ ಕಥೆ ಹೇಳ್ತೀವಿ, ಕೇಳಿ. "ಗಾಡಿ ವಿಷಯ ನಮಗ್ಯಾಕ್ರೀ? ಅದು ಗಂಡಸರ ಕೆಲಸ" ಅನ್ನಬೇಡಿ. ನಾವೂ ಹಾಗೇ ಅಂದುಕೊಂಡಿದ್ದೆವು. ಹಾಗೆ ಅಂದುಕೊಂಡಿದ್ದಕ್ಕೇ ಪೆಟ್ಟು ತಿಂದೆವು.

ನಮ್ಮ ಸಂಘ ನಿಮಗೆ ಗೊತ್ತು. ಹತ್ತು ಜನ ಹೆಂಗಸರು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡುತ್ತೇವೆ. ದಾವಣಗೆರೆಯ ಅಂಗಡಿಗಳಿಗೆ ಕೊಡುತ್ತೇವೆ. ಹರಿಹರಕ್ಕೂ ಒಯ್ಯುತ್ತೇವೆ. ಮೊದಲು ಬಸ್ಸಿನಲ್ಲಿ ಒಯ್ಯುತ್ತಿದ್ದೆವು. ರೊಟ್ಟಿ ಮುರಿಯುತ್ತಿತ್ತು. ಅದಕ್ಕೇ ಉಳಿತಾಯದ ಹಣ ಕೂಡಿಸಿ ಒಂದು ಹಳೆಯ ಓಮ್ನಿ ವ್ಯಾನು ಕೊಂಡೆವು. ನಮ್ಮಲ್ಲೇ ಒಬ್ಬರ ಮಗ ಅದನ್ನು ಓಡಿಸುತ್ತಾನೆ. ಲೆಕ್ಕದ ಪುಸ್ತಕ ಬರೆಯುವುದು ನಮ್ಮ ಪಾಲಿನ ಕೆಲಸ.

ಒಂದು ದಿನ ಗಾಡಿ ಸದ್ದು ಮಾಡತೊಡಗಿತು. ಬ್ರೇಕ್ ಒತ್ತಿದರೆ ಸಾಕು, ಕರ್ ಕರ್ ಅನ್ನುತ್ತಿತ್ತು. ರೊಟ್ಟಿ ಬುಟ್ಟಿ ಹಿಡಿದು ಮುಂದಿನ ಸೀಟಿನಲ್ಲಿ ಕೂರುವ ಅಕ್ಕನಿಗೆ ಅದು ಚೆನ್ನಾಗಿ ಕೇಳುತ್ತಿತ್ತು. ಆಕೆ ಸುಮ್ಮನಿದ್ದಳು. "ನನಗೇನು ತಿಳೀತತಿ ಗಾಡಿ ವಿಷಯ?" ಅಂದುಕೊಂಡಳು.

ಹುಡುಗನ ಕೈಲಿ ಗಾಡಿಯನ್ನು ಗ್ಯಾರೇಜಿಗೆ ಕಳಿಸಿದೆವು. ಏನು ಹೇಳಿ ಕಳಿಸಿದೆವು ಗೊತ್ತಾ? "ಗಾಡಿ ಯಾಕೋ ಸರಿ ಇಲ್ಲ. ಎಲ್ಲಾ ನೋಡಿ ರಿಪೇರಿ ಮಾಡಪ್ಪ" ಅಂತ. ಅಷ್ಟೇ.

ಮೇಸ್ತ್ರಿ ಗಾಡಿಯನ್ನು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದ. ಗಾಡಿ ಖಾಲಿ ಇತ್ತು. ಸದ್ದು ಬರಲಿಲ್ಲ. ಎಂಜಿನ್ ಆಯಿಲ್ ಬದಲಾಯಿಸಿದ. ಪ್ಲಗ್ ಬದಲಾಯಿಸಿದ. ಬೆಲ್ಟ್ ಹಾಕಿದ. 3,800 ರೂಪಾಯಿ ಅಂದ. ಎಂಟು ದಿನದ ರೊಟ್ಟಿಯ ಲಾಭ ಅದು! ಮರುದಿನ ಹರಿಹರದ ದಾರಿಯಲ್ಲಿ ಮತ್ತೆ ಅದೇ ಕರ್ ಕರ್.

ನಮಗೆ ಸಿಟ್ಟು ಬಂತು. ಹೋಗಿ ಜಗಳ ಆಡಿದೆವು. ಆತ ಹೇಳಿದ: "ಬ್ರೇಕ್ ಸದ್ದು ಮಾಡ್ತತಿ ಅಂತ ಯಾರು ಹೇಳಿದ್ರಿ ನನಗ? ಎಲ್ಲಾ ನೋಡು ಅಂದ್ರಿ, ನೋಡೀನಿ." ನಮ್ಮ ಬಾಯಿ ಕಟ್ಟಿತು. ಕೇಳದೆ ಸಾಮಾನು ಹಾಕಿದ್ದು ಆತನ ತಪ್ಪು. ಹೇಳಬೇಕಾದ್ದನ್ನು ಹೇಳದೆ ಇದ್ದದ್ದು ನಮ್ಮ ತಪ್ಪು. "ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು" ಅಂತಾರೆ. ನಮ್ಮನ್ನು ಕೆಡಿಸಿದ್ದು ಆಡದ ಮಾತು.

ಕೈಯಲ್ಲಿ ದುಡ್ಡಿರಲಿಲ್ಲ. "ಇನ್ನು ಹದಿನೈದು ದಿನ ಓಡಲಿ" ಅಂದೆವು. ಅದು ಇನ್ನೂ ದೊಡ್ಡ ತಪ್ಪು. ಒಂದು ಬೆಳಿಗ್ಗೆ ಹರಿಹರದ ಪೇಟೆಯಲ್ಲಿ ಬ್ರೇಕ್ ಒತ್ತಿದರೂ ಗಾಡಿ ಬೇಗ ನಿಲ್ಲಲಿಲ್ಲ. ಬಾಳೆಹಣ್ಣಿನ ತಳ್ಳುಗಾಡಿಗೆ ಗುದ್ದಿತು. ತಳ್ಳುಗಾಡಿಯ ಆಚೆ ಶಾಲೆಗೆ ಹೊರಟ ಮಕ್ಕಳು ನಿಂತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ, ನಮ್ಮ ಪುಣ್ಯ. ಹಣ್ಣಿನವನಿಗೆ ದುಡ್ಡು ಕೊಟ್ಟೆವು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮಕ್ಕಳ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಮರುದಿನ ಸಂಘದಲ್ಲಿ ಎಲ್ಲರೂ ಕೂತೆವು. ನಮ್ಮಲ್ಲಿ ಒಬ್ಬಾಕೆಯ ಮಾವ ಮೊದಲು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಲೇತ್ ಯಂತ್ರ ಮಾಡುತ್ತಿದ್ದ ಆ ಕಾರ್ಖಾನೆ ಈಗ ಮುಚ್ಚಿದೆ. ಆ ಹಿರಿಯರು ಒಂದು ಮಾತು ಹೇಳಿದರು: "ಅಳತೆ ಬರೆದ ಹಾಳೆ ಕೈಗೆ ಬರದೆ ನಾವು ಮಿಷನ್ ಮುಟ್ಟತಿರಲಿಲ್ಲವ್ವ. ಬಾಯಿಮಾತಿನಾಗ ಕೆಲಸ ಕೆಡ್ತತಿ. ನೀವೂ ಬರ್ದು ಕೊಡ್ರಿ."

ಬರೆದು ಕೊಡಬೇಕು! ಯಾರು ಬರೆಯಬೇಕು? ಸದ್ದು ಕೇಳಿದವಳೇ ಬರೆಯಬೇಕು. ಆ ಅಕ್ಕ ಅಕ್ಷರ ಕಲಿತು ಆಗಿನ್ನೂ ಆರು ತಿಂಗಳು. ಕೈ ನಡುಗುತ್ತಿತ್ತು. ಆದರೂ ಬರೆದಳು:

1. ಬ್ರೇಕ್ ಒತ್ತಿದಾಗ ಕರ್ ಕರ್ ಸದ್ದು ಬರುತ್ತದೆ.
2. ಸದ್ದು ಮುಂದಿನ ಎಡ ಚಕ್ರದಲ್ಲಿ.
3. ಗಾಡಿ ತುಂಬಿದಾಗ ಜಾಸ್ತಿ. ಖಾಲಿ ಇದ್ದರೆ ಇಲ್ಲ.
4. ಶುರುವಾಗಿ ಒಂದು ತಿಂಗಳು ಆಯಿತು. ಈಗ ಗಾಡಿ ಬೇಗ ನಿಲ್ಲುವುದಿಲ್ಲ.
5. ಏನು ಕೆಲಸ, ಎಷ್ಟು ಖರ್ಚು, ಮೊದಲು ಹೇಳಿ. ನಾವು ಒಪ್ಪಿದ ಮೇಲೆ ಮಾಡಿ.

ಅದೇ ಮೇಸ್ತ್ರಿಯ ಹತ್ತಿರ ಹೋದೆವು. ಈ ಸಲ ಗಾಡಿ ಓಡಿಸಲಿಲ್ಲ. ಆತನನ್ನೇ ಮನೆಗೆ ಕರೆತಂದೆವು. ಆತ ಚೀಟಿ ಓದಿದ. ನೇರ ಎಡ ಚಕ್ರ ಬಿಚ್ಚಿದ. ಬ್ರೇಕ್ ಪ್ಯಾಡ್ ಪೂರಾ ಸವೆದಿತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. "ಮೊದಲೇ ಹೇಳಿದ್ರ ಪ್ಯಾಡ್ ಅಷ್ಟೇ ಹೋಗತಿತ್ತು. ಈಗ ಡಿಸ್ಕೂ ಹಾಕಬೇಕು" ಅಂದ. ಆಮೇಲೆ ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡ. "ಹಿಂಗ ಬರ್ದು ಕೊಟ್ರ ಅರ್ಧ ಕೆಲಸ ಆದಂಗ" ಅಂದ. ಅಕ್ಕನ ಮುಖ ನೋಡಬೇಕಿತ್ತು ನೀವು!

ಅಕ್ಕಂದಿರೆ, ಡಾಕ್ಟರ ಹತ್ತಿರ ಹೋಗಿ "ಹುಷಾರಿಲ್ಲ" ಅಂತ ಸುಮ್ಮನೆ ಕೂರುತ್ತೇವಾ? ಎಲ್ಲಿ ನೋವು, ಯಾವಾಗಿಂದ, ಊಟದ ಮೊದಲೋ ಆಮೇಲೋ, ಎಲ್ಲ ಹೇಳುತ್ತೇವೆ. ಗಾಡಿಗೆ ಬಾಯಿಲ್ಲ. ಅದರ ನೋವು ನಾವೇ ಹೇಳಬೇಕು.

ಹೇಗೆ ಹೇಳಬೇಕು? ನಾಲ್ಕು ಮಾತು ನೆನಪಿಡಿ. ಏನು? ಎಲ್ಲಿ? ಯಾವಾಗ? ಎಷ್ಟು ದಿನದಿಂದ? ಕೇಳಿದ ಸದ್ದು, ಮೂಗಿಗೆ ಬಂದ ವಾಸನೆ, ಕಣ್ಣಿಗೆ ಕಂಡ ಹೊಗೆ, ಎಲ್ಲ ಹೇಳಿ. ಹೊಗೆಯ ಬಣ್ಣ ಹೇಳಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿರಬಹುದು. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಅತಿಯಾಗಿ ಉರಿಯುತ್ತಿರಬಹುದು. ಬಣ್ಣ ನಾವು ಹೇಳಿದರೆ ಸಾಕು. ಕಾರಣ ಮೇಸ್ತ್ರಿ ಹುಡುಕಲಿ.

ರೋಗದ ಹೆಸರು ನಾವೇ ಇಡಬಾರದು. "ಬ್ಯಾಟರಿ ಬದಲಾಯಿಸಿ" ಅಂದರೆ ಆತ ಬದಲಾಯಿಸುತ್ತಾನೆ. ದೋಷ ಬೇರೆ ಕಡೆ ಇದ್ದರೆ ದುಡ್ಡು ಹೋಯ್ತು.

ಸತ್ಯ ಮುಚ್ಚಿಡಬಾರದು. ಹೆಚ್ಚು ಭಾರ ಹೇರಿದ್ದೇವಾ? ನೀರಿನಲ್ಲಿ ಓಡಿಸಿದ್ದೇವಾ? ಮೊದಲು ಬೇರೆಯವರು ಬಿಚ್ಚಿದ್ದಾರಾ? ನಾಚಿಕೆ ಬಿಟ್ಟು ಹೇಳಿ. ಬ್ರೇಕ್ ಕೆಟ್ಟಿದ್ದರೆ ಮಾತ್ರ ಒಂದು ದಿನವೂ ಓಡಿಸಬೇಡಿ. ಗಾಡಿ ನಿಲ್ಲಿಸಿ, ಮೇಸ್ತ್ರಿಯನ್ನು ಕರೆಯಿರಿ.

ಕೆಲಸ ಮುಗಿದ ಮೇಲೆ ಮೇಸ್ತ್ರಿಯನ್ನೂ ಕೂರಿಸಿಕೊಂಡು ಓಡಿಸಿ ನೋಡಿ. ತೆಗೆದ ಹಳೆಯ ಸಾಮಾನು ಕೇಳಿ ನೋಡಿ. ಬಿಲ್ ಕೇಳಿ ಪಡೆಯಿರಿ. ಫೋನಿನಲ್ಲಿ ದುಡ್ಡು ಕಳಿಸಿದರೂ ಬಿಲ್ ಬೇಕೇ ಬೇಕು. ಒಪ್ಪಿದ ಹಣವನ್ನು ತಡ ಮಾಡದೆ ಕೊಡಿ. ಆತನದೂ ಹೊಟ್ಟೆಪಾಡು.

ಇಷ್ಟಾದರೂ ಮೋಸ ಆದರೆ? ಕಾನೂನು ಇದೆ. 1986ರಲ್ಲಿ ಗ್ರಾಹಕರ ರಕ್ಷಣೆಯ ಕಾಯ್ದೆ ಬಂತು. 2019ರಲ್ಲಿ ಹೊಸ ಕಾಯ್ದೆ ಆಯಿತು. ಅದು 2020ರ ಜುಲೈನಿಂದ ಜಾರಿಯಲ್ಲಿದೆ. ದುಡ್ಡು ಕೊಟ್ಟು ರಿಪೇರಿ ಮಾಡಿಸಿದವರೂ ಗ್ರಾಹಕರೇ. ನಮ್ಮ ಹಾಗೆ ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಗಾಡಿ ಇಟ್ಟವರನ್ನೂ ಕಾಯ್ದೆ ಹೊರಗಿಡುವುದಿಲ್ಲ. ಮೊದಲು 1915 ಸಂಖ್ಯೆಗೆ ಫೋನ್ ಮಾಡಿ ಸಲಹೆ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯಿರಿ. ಎರಡು ವರ್ಷದ ಒಳಗೆ ಬರೆಯಬೇಕು. ನಾವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಆದರೆ ಅಲ್ಲಿ ಕೇಳುವುದೇನು? ಬಿಲ್ ಎಲ್ಲಿ? ಏನು ಹೇಳಿದ್ದಿರಿ? ಬರೆದದ್ದು ಇದೆಯಾ? ಚೀಟಿಯ ಒಂದು ನಕಲು ನಮ್ಮ ಹತ್ತಿರ ಇದ್ದರೆ ಉತ್ತರ ಸುಲಭ.

ಈಗ ನಮ್ಮ ವ್ಯಾನಿನಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ನು ಇವೆ. ಸದ್ದು ಕೇಳಿದವರು ಅಲ್ಲೇ ಬರೆಯುತ್ತಾರೆ. ಮುಂದಿನ ಸೀಟಿನ ಅಕ್ಕನೇ ಹೆಚ್ಚು ಬರೆಯುವುದು. ಈಗ ಆಕೆಯ ಕೈ ನಡುಗುವುದಿಲ್ಲ.

ನಿಮ್ಮ ಮನೆಯಲ್ಲಿ ಗಾಡಿ ಇಲ್ಲದಿರಬಹುದು. ಹೊಲಿಗೆ ಮಿಷನ್ ಇದೆ. ಮಿಕ್ಸಿ ಇದೆ. ಸೈಕಲ್ ಇದೆ. ಎಲ್ಲಕ್ಕೂ ಇದೇ ಮಾತು. ಕೇಳಿದ್ದನ್ನು, ಕಂಡದ್ದನ್ನು ಹೇಳಲು ಹೆದರಬೇಡಿ.

ಮಾಡಿ ನೋಡಿ:
ನಿಮ್ಮ ಮನೆಯಲ್ಲಿ ಕೆಟ್ಟಿರುವ ಒಂದು ವಸ್ತು ಯಾವುದು? ಏನಾಗಿದೆ? ಎಲ್ಲಿ? ಯಾವಾಗ? ಎಷ್ಟು ದಿನದಿಂದ? ನಾಲ್ಕು ಸಾಲು ಬರೆಯಿರಿ. ನಾಳೆ ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂಡಿ ಓದೋಣ.