ಮೊದಲ ಪುಸ್ತಕವನ್ನು ಹೊರುವವರು ಯಾರು?



ಹೊಸ ಲೇಖಕರು ಪುಸ್ತಕವನ್ನು ತಾವೇ ಅಚ್ಚು ಹಾಕಿಸಬೇಕೋ, ಪ್ರಕಾಶಕರ ಕೈಗೆ ಕೊಡಬೇಕೋ ಎಂಬುದು ಇವತ್ತಿನ ವಿಷಯ. ಈ ಸಭೆಯಲ್ಲಿ ಕೆಲವರ ಚೀಲದಲ್ಲಾದರೂ ಹಸ್ತಪ್ರತಿ ಇದ್ದೀತು. ಆದ್ದರಿಂದ ಪೀಠಿಕೆ ಬೇಡ.

ಸ್ವಂತ ಪ್ರಕಟಣೆ ಎಂದರೆ ಯಾರೂ ಒಪ್ಪದ ಪುಸ್ತಕ ಎಂಬ ಅಳುಕು ನಿಮಗಿದ್ದರೆ ಅದನ್ನು ಇಲ್ಲೇ ಬಿಟ್ಟುಬಿಡಿ. ಕುವೆಂಪು ಅವರ ಹಲವು ಕೃತಿಗಳು ಬಂದದ್ದು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟಿದ್ದರು. ತೇಜಸ್ವಿಯವರಿಗೆ 'ಪುಸ್ತಕ ಪ್ರಕಾಶನ' ಎಂಬ ಸಂಸ್ಥೆಯಿತ್ತು, ಲಂಕೇಶರಿಗೆ 'ಪತ್ರಿಕೆ ಪ್ರಕಾಶನ'. ಇವರೆಲ್ಲರಿಗಿಂತ ಮೊದಲು ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಇದು ದೊಡ್ಡವರು ನಡೆದ ದಾರಿ.

ಆದರೆ ಈ ಪಟ್ಟಿಯನ್ನು ತೋರಿಸಿ ಹೊಸಬರನ್ನು ಹುರಿದುಂಬಿಸುವವರು ಅರ್ಧ ಸಂಗತಿಯನ್ನಷ್ಟೇ ಹೇಳುತ್ತಾರೆ. ಲಂಕೇಶರ ಬೆನ್ನಿಗೆ ವಾರವಾರವೂ ಅವರ ಪತ್ರಿಕೆಗೆ ಕಾಯುವ ಓದುಗರಿದ್ದರು. ತೇಜಸ್ವಿಯವರ ಪುಸ್ತಕ ಬಂತೆಂದರೆ ಅಂಗಡಿಯವರೇ ಕೇಳಿ ತರಿಸುತ್ತಿದ್ದರು. ಗಳಗನಾಥರಿಗೆ ಊರೂರು ತಿರುಗುವ ಶಕ್ತಿ ಕಾಲಿನಲ್ಲಿತ್ತು. ಅಚ್ಚು ಹಾಕುವುದು ಅಂದಿಗೂ ಇಂದಿಗೂ ಕೆಲಸದ ಸಣ್ಣ ಪಾಲು. ಪುಸ್ತಕವನ್ನು ಓದುಗನ ತನಕ ಹೊರುವವರು ಯಾರು, ಅದಕ್ಕೆ ಮೊದಲು ಅದನ್ನು ಕಟ್ಟುನಿಟ್ಟಾಗಿ ಓದಿ ತಿದ್ದುವವರು ಯಾರು ಎಂದು ಕೇಳಿಕೊಳ್ಳಿ. ನಿಮ್ಮ ಆಯ್ಕೆಯೆಲ್ಲ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

ಒಳ್ಳೆಯ ಪ್ರಕಾಶಕ ಏನು ಮಾಡಬಲ್ಲ ಎಂಬುದಕ್ಕೆ ಧಾರವಾಡದ ಮನೋಹರ ಗ್ರಂಥಮಾಲೆಯನ್ನು ನೋಡಬೇಕು. ಜಿ.ಬಿ. ಜೋಶಿಯವರು 1933ರಲ್ಲಿ ಅದನ್ನು ಶುರು ಮಾಡಿದಾಗ ಚಂದಾದಾರರನ್ನು ನೆಚ್ಚಿಕೊಂಡರು. ಓದುಗರು ಮೊದಲೇ ಹಣ ಕೊಡುವುದು, ಪುಸ್ತಕಗಳು ಮನೆಗೆ ಬರುವುದು. ಇಂಥ ವ್ಯವಸ್ಥೆಯಲ್ಲಿ ಹೊಸ ಲೇಖಕನ ಹೆಸರು ಮಾರುಕಟ್ಟೆಗೆ ಗೊತ್ತಿರಬೇಕಾಗಿಲ್ಲ, ಮಾಲೆಯ ಮೇಲೆ ನಂಬಿಕೆ ಇದ್ದರೆ ಸಾಕು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಕಣ್ಣೂ ಅಲ್ಲಿತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದದ್ದು ಅಲ್ಲಿಂದ. ಆಗವರು ಇಪ್ಪತ್ತಮೂರರ ಆಸುಪಾಸಿನ ಹುಡುಗ. ಆ ನಾಟಕವನ್ನು ಅವರೇ ಅಚ್ಚು ಹಾಕಿಸಿದ್ದರೆ ಅಷ್ಟು ಮನೆಗಳಿಗೆ ಒಮ್ಮೆಗೇ ತಲುಪಿಸುವುದು ಹೇಗೆ ಸಾಧ್ಯವಿತ್ತು? ಮಾತಿನ ನಡುವೆ ಒಂದು ಕುತೂಹಲದ ಸಂಗತಿ: ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' 2025ರ ಅಂತರರಾಷ್ಟ್ರೀಯ ಬುಕರ್ ಪಡೆಯಿತಲ್ಲ, ಬ್ರಿಟನ್ನಿನಲ್ಲಿ ಅದನ್ನು ಪ್ರಕಟಿಸಿದ 'ಆಂಡ್ ಅದರ್ ಸ್ಟೋರೀಸ್' ಕೂಡ ಚಂದಾದಾರರ ಬೆಂಬಲ ಪಡೆದು ನಡೆಯುವ ಸಣ್ಣ ಸಂಸ್ಥೆಯೇ.

ಇನ್ನು ದುಡ್ಡಿನ ಮಾತು. ನಮ್ಮಲ್ಲಿ ಇದನ್ನು ಸಂಕೋಚದಿಂದ ಮುಚ್ಚಿಡುತ್ತಾರೆ, ನಾನು ಬಿಚ್ಚಿಯೇ ಹೇಳುತ್ತೇನೆ. ಪುಸ್ತಕದ ಮುಖಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡ 10ರ ರಾಯಲ್ಟಿ ಎಂದರೆ ಪ್ರತಿಗೆ 20 ರೂಪಾಯಿ. 500 ಪ್ರತಿ ಪೂರ್ತಿ ಮಾರಾಟವಾದರೆ ನಿಮಗೆ ಬರುವುದು 10,000. ಅದೂ ಕೆಲವೊಮ್ಮೆ ಪುಸ್ತಕದ ಪ್ರತಿಗಳ ರೂಪದಲ್ಲಿ! ನೀವೇ ಪ್ರಕಟಿಸಿದರೆ? ಡಿಟಿಪಿ, ಮುಖಪುಟ, ಅಚ್ಚು, ಬೈಂಡಿಂಗ್ ಎಲ್ಲ ಸೇರಿ ಪ್ರತಿಗೆ 70 ಆಯಿತೆನ್ನಿ, 500 ಪ್ರತಿಗೆ 35,000. ಅಂಗಡಿಯವರಿಗೆ ಶೇಕಡ 40 ಕಡಿತ ಕೊಟ್ಟರೆ ಕೈಗೆ ಬರುವುದು ಪ್ರತಿಗೆ 120. ಅಂದರೆ 292ನೆಯ ಪ್ರತಿ ಮಾರಾಟವಾದ ಮೇಲೆ ನಿಮ್ಮ ಗಂಟು ನಿಮಗೆ ಮರಳುತ್ತದೆ, ಲಾಭ ಶುರುವಾಗುವುದು ಅಲ್ಲಿಂದಾಚೆಗೆ. ಕಾಗದದ ಮೇಲೆ ಇದು ರಾಯಲ್ಟಿಗಿಂತ ಲೇಸಾಗಿಯೇ ಕಾಣುತ್ತದೆ. ಆದರೆ ಬಿಡುಗಡೆ ಸಮಾರಂಭದ ದಿನ ನೆಂಟರು, ಸಹೋದ್ಯೋಗಿಗಳು ಕೊಂಡ ಮೇಲೆ ಉಳಿದ ಪ್ರತಿಗಳು ಎಲ್ಲಿರುತ್ತವೆ? ಮಂಚದ ಕೆಳಗೆ. ಅಂಗಡಿಗೆ ಕೊಟ್ಟವುಗಳ ಹಣ ವಸೂಲಿಗೆ ನೀವೇ ಫೋನ್ ಮಾಡುತ್ತಿರಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಸಾಲ ಮಾಡುವವರಿದ್ದಾರೆ. ಆಯ್ಕೆ ಸಮಿತಿ ಕೂರಬೇಕು, ಪಟ್ಟಿ ಬರಬೇಕು, ಆಮೇಲೆ ಹಣ ಬರಬೇಕು. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ, ಬಂದರೆ ಬರಲಿ.

ಈ ಎರಡು ದಾರಿಗಳ ನಡುವೆ ಮೂರನೆಯದೊಂದಿದೆ. ನಾನು ಖಡಾಖಂಡಿತವಾಗಿ ವಿರೋಧಿಸುವುದು ಅದನ್ನೇ. ಲೇಖಕನಿಂದ ಹಣ ಪಡೆದು, ತನ್ನ ಪ್ರಕಾಶನದ ಹೆಸರು ಹಾಕಿ, ಒಂದಷ್ಟು ಪ್ರತಿಗಳನ್ನು ಲೇಖಕನ ಮನೆಗೇ ಸುರಿದು ಹೋಗುವ ವ್ಯವಹಾರ. ಹಸ್ತಪ್ರತಿಯನ್ನು ಓದುವವರು ಅಲ್ಲಿ ಯಾರೂ ಇರುವುದಿಲ್ಲ. ಖರ್ಚು ನಿಮ್ಮದು, ಹೊರುವ ಕೆಲಸ ನಿಮ್ಮದು, ಹಕ್ಕು ಮಾತ್ರ ಎಷ್ಟೋ ಸಲ ಅವರದು. ಖರ್ಚು ನಿಮ್ಮದೇ ಆಗುವುದಾದರೆ ನಿಮ್ಮದೇ ಹೆಸರಿನಲ್ಲಿ ತನ್ನಿ. ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಪ್ರಕಾಶಕರಾದ ಮೇಲೆ ಒಂದು ಕರ್ತವ್ಯವೂ ಬರುತ್ತದೆ: 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ 30 ದಿನದೊಳಗೆ ಪ್ರತಿ ಕಳಿಸಬೇಕು. ಹೊಸಬರಲ್ಲಿ ಬಹಳ ಮಂದಿಗೆ ಇದು ತಿಳಿದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಕಥೆ, ಕವಿತೆ, ಕಾದಂಬರಿ ಬರೆಯುವವರು ಮೊದಲ ಪುಸ್ತಕವನ್ನು ಪ್ರಕಾಶಕರಿಗೇ ಕೊಡಲು ಪ್ರಯತ್ನಿಸಿ. ದುಡ್ಡಿಗಾಗಿ ಅಲ್ಲ, ನಿಮ್ಮ ಮುಲಾಜಿಲ್ಲದವರು ಒಬ್ಬರು ಅದನ್ನು ಓದಲಿ ಎಂದು. ವಸುಧೇಂದ್ರ ತಮ್ಮ ಪುಸ್ತಕಕ್ಕೆ ಪ್ರಕಾಶಕರು ಸಿಗದೆ ಛಂದ ಪುಸ್ತಕ ಶುರು ಮಾಡಿದವರು. ಮುಂದೆ ಅದೇ ಛಂದ, ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ಏರ್ಪಡಿಸಿ ಪ್ರಕಟಿಸುವ ಸಂಸ್ಥೆಯಾಯಿತು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಗಮನಿಸಿ. ನಿಮ್ಮದು ಊರಿನ ಇತಿಹಾಸ, ಕೃಷಿ, ಅಡುಗೆ, ವೃತ್ತಿಯ ಅನುಭವದಂಥ ಪುಸ್ತಕವಾಗಿದ್ದು ಓದುಗರು ಯಾರೆಂದು ನಿಮಗೇ ಗೊತ್ತಿದ್ದರೆ, ಪ್ರಕಾಶಕರಿಗಾಗಿ ಕಾಯಬೇಕಾಗಿಲ್ಲ. ಆಗ ಅಚ್ಚಿಗೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ಕರಡು ತಿದ್ದುವ ಸಮರ್ಥರಿಗೆ ತಪ್ಪದೆ ಕೊಡಿ, ಮುಖಪುಟ ಸರಳವಾಗಿದ್ದರೂ ನಡೆಯುತ್ತದೆ.

ಕೊನೆಯದಾಗಿ, ಪ್ರಕಾಶಕರು ಒಪ್ಪಿದರೆಂಬ ಸಂಭ್ರಮದಲ್ಲಿ ಕಾಗದ ಓದದೆ ಸಹಿ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮು ಲೇಖಕರ ಪರವಾಗಿದೆ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಬಿಟ್ಟ ಪ್ರಕಾಶಕರಿಗೆ ಆ ಹಕ್ಕು ಉಳಿಯುವುದಿಲ್ಲ. ನಿಮ್ಮ ಒಪ್ಪಂದದಲ್ಲಿ ಅವಧಿ, ಮುದ್ರಿಸುವ ಪ್ರತಿಗಳ ಸಂಖ್ಯೆ, ಇ-ಪುಸ್ತಕ ಮತ್ತು ಅನುವಾದದ ಹಕ್ಕು ಯಾರದು ಎಂಬ ಸಾಲುಗಳನ್ನು ಹುಡುಕಿ. ಅವು ಇಲ್ಲದಿದ್ದರೆ ಬರೆಸಿ, ಸಹಿ ಆದ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಟ್ಟುಕೊಳ್ಳಿ.